ಭಾವನಿಗೆ ಕೊಟ್ಟ ಹತ್ತೊಂಬತ್ತು

ಹಂದಿ ಎಡಗಡೆಯಿಂದ ಬಂತು. ನಾನು ಬಲಗಡೆ, ಹತ್ತು ಹನ್ನೆರಡು ಮಾರು ದೂರದಲ್ಲಿ ಒಂದು ಹೆಬ್ಬಲಸಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ನಮ್ಮಿಬ್ಬರ ನಡುವೆ ಅಕ್ಕನ ಗಂಡ, ನನ್ನ ಭಾವ, ಕೋವಿ ಹಿಡಿದು ನಿಂತಿದ್ದರು. ಇಷ್ಟು ವರ್ಷವಾದ ಮೇಲೂ ಈ ಮೂರು ಜಾಗಗಳನ್ನು ಮನಸ್ಸಿನಲ್ಲಿ ಅದಲುಬದಲು ಮಾಡುತ್ತಲೇ ಇರುತ್ತೇನೆ. ಗಡ್ಡ ಹೆರೆಯುತ್ತಿರುವಾಗ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಯಾರೋ ಏನೋ ಕೇಳಿ ನನ್ನ ಉತ್ತರಕ್ಕೆ ಕಾಯುತ್ತಿರುವಾಗ. ಒಂದು ಸಲ ನನ್ನನ್ನು ಎಡಕ್ಕೆ ನಿಲ್ಲಿಸುತ್ತೇನೆ. ಇನ್ನೊಂದು ಸಲ ಹಂದಿಯನ್ನು ಬಲಕ್ಕೆ ತಿರುಗಿಸುತ್ತೇನೆ. ಹೆಚ್ಚಿನ ಸಲ ಯಾರನ್ನೂ ಕದಲಿಸದೆ ನನ್ನ ಬಾಯಿಯನ್ನು ಮಾತ್ರ ಸ್ವಲ್ಪ ಬೇಗ ತೆರೆಸುತ್ತೇನೆ.

ಇದು ಶುರುವಾದದ್ದು ಒಂದು ಆಟದಿಂದ. ಆ ಆಟವನ್ನು ಮಾಡಿದವನು ನಾನು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಮಳೆಗಾಲ. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದು, ಸರ್ಕಾರಿ ಕೆಲಸದ ಕಾಗದಕ್ಕೆ ಕಾಯುತ್ತಾ ಕೂತಿದ್ದೆ. ನಮ್ಮೂರು ಭಾಗಮಂಡಲದಿಂದ ಕರಿಕೆಗೆ ಇಳಿಯುವ ದಾರಿಯಲ್ಲಿದೆ. ಆಗ ಜೂನ್‌ನಲ್ಲಿ ಟಪಾಲು ನಿಂತರೆ ಮತ್ತೆ ಸರಿಯಾಗಿ ಬರುತ್ತಿದ್ದದ್ದು ಸೆಪ್ಟೆಂಬರಿಗೆ. ಕಾಯುವುದಕ್ಕೆ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ನಮ್ಮಲ್ಲಿ ಹಾಕಿ ಎಂದರೆ ಗದ್ದೆ ಕೊಯ್ಲಾದ ಮೇಲಿನ ಆಟ. ಜನವರಿಯಿಂದ ಮೇ ತನಕ, ಕೂಳೆ ಒಣಗಿದ ಗದ್ದೆಯಲ್ಲಿ, ಎರಡು ಬದು ಕಡಿದು ಸಮ ಮಾಡಿ ಆಡುತ್ತಿದ್ದರು. ಅರ್ಧ ಜನರ ಕೈಯಲ್ಲಿ ಪೇಟೆಯ ಸ್ಟಿಕ್ಕು, ಉಳಿದವರ ಕೈಯಲ್ಲಿ ಕಾಡಿನಿಂದ ಕಡಿದು ತಂದ ಬಾಗಿದ ಕೊಂಬೆ. ಟೀಮಿನ ಯಜಮಾನರು ಮಿಲಿಟರಿಯಿಂದ ನಿವೃತ್ತರಾಗಿದ್ದ ನನ್ನ ದೂರದ ಮಾವ. ಊರೆಲ್ಲ ಸುಬೇದಾರ್ ಮಾವ ಎಂದೇ ಕರೆಯುತ್ತಿತ್ತು. ಗೋಲಿ, ಎಂದರೆ ಗೋಲು ಕಾಯುತ್ತಿದ್ದವರು, ಭಾವ. ಅವರ ಎಡಗಡೆ ಬ್ಯಾಕಿನಲ್ಲಿ ಆಡುತ್ತಿದ್ದವನು ಊರಿನ ಟೈಲರ್. ಅವನ ಅಪ್ಪನ ಕಾಲದಲ್ಲೇ ಗಡಿಯಾಚೆಯಿಂದ ಬಂದು ನೆಲೆಸಿದ ಮನೆ. ಮಾತಿಗೆ ಮಲಯಾಳ ಬೆರೆಸುತ್ತಿದ್ದ, ಸಿಟ್ಟು ಬಂದರೆ ಪೂರ್ತಿ ಮಲಯಾಳಕ್ಕೆ ಹಾರುತ್ತಿದ್ದ.

ನನಗೆ ಓಡಲು ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಸುಬೇದಾರ್ ಮಾವ, "ಓದುವವನು ಬರೆಯಲಿ" ಎಂದು ಒಂದು ದಪ್ಪ ನೋಟ್‌ಬುಕ್ ಕೊಟ್ಟು ಬದುವಿನ ಮೇಲೆ ಕೂರಿಸಿದ್ದರು. ಕಾಲೇಜಿನ ಬೇಸಿಗೆ ರಜೆಗಳಲ್ಲೂ ನಾನೇ ಬರೆದೆ. ಯಾರು ಗೋಲು ಹೊಡೆದರು, ಯಾರ ಕೈಯಿಂದ ಚೆಂಡು ಹೋಯಿತು, ಗೋಲು ಗೂಟದ ಎಡದಲ್ಲಿ ಹೊಕ್ಕಿತೋ ಬಲದಲ್ಲೋ. ಅದರ ಜೊತೆಗೆ 'ಮುಖ' ಎಂಬ ಒಂದು ಕಾಲಂ. ಜೋರಿನ ಹೊಡೆತ ಬಂದಾಗ ಮುಖ ತಿರುಗಿಸಿದವನಿಗೆ ಅದರಲ್ಲಿ ಒಂದು ಗೆರೆ. ಆಟ ಮುಗಿದ ಮೇಲೆ ಊಟ ಇರುತ್ತಿತ್ತು. ಹೆಚ್ಚು ಗೆರೆ ಬಿದ್ದವನು ಸೊಂಟಕ್ಕೆ ಬೈರಾಸು ಬಿಗಿದು ಎಲ್ಲರಿಗೂ ಬಡಿಸಬೇಕು, ಕೊನೆಗೆ ತಾನು ಉಣ್ಣಬೇಕು. ಇದು ಸುಬೇದಾರ್ ಮಾವನ ಕಾನೂನು. ಭಾವ ಒಂದು ದಿನವೂ ಬಡಿಸಲಿಲ್ಲ.

ಆ ಮಳೆಗಾಲದಲ್ಲಿ ನನಗೆ ಒಂದು ಯೋಚನೆ ಬಂತು. ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ನಮಗೆ ಸರಾಸರಿ, ಪ್ರಮಾಣ ಇವನ್ನೆಲ್ಲ ಕಲಿಸಿದ್ದರು. ನೋಟ್‌ಬುಕ್ಕಿನಲ್ಲಿ ಕಾಲೇಜಿನ ನಾಲ್ಕು ಬೇಸಿಗೆಯ ಆಟವಿತ್ತು. ಪ್ರತಿಯೊಬ್ಬ ಆಟಗಾರನಿಗೂ ಒಂದರಿಂದ ಇಪ್ಪತ್ತರೊಳಗೆ ಒಂದು ಅಂಕಿ ಕೊಟ್ಟರೆ, ಹೊರಗೆ ಮಳೆ ಹೊಡೆಯುತ್ತಿದ್ದರೂ ಜಗಲಿಯಲ್ಲಿ ಕೂತು ಹಾಕಿ ಆಡಬಹುದಲ್ಲ?

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದೆ, ಒಬ್ಬೊಬ್ಬನಿಗೆ ಒಂದು. ಬಿದಿರಿನ ಇಪ್ಪತ್ತು ಬಿಲ್ಲೆ ಕೊಯ್ದು ಒಂದರಿಂದ ಇಪ್ಪತ್ತರವರೆಗೆ ಬರೆದು ತೆಂಗಿನ ಗೆರಟೆಗೆ ಹಾಕಿದೆ. ಚಾಪೆಯೇ ಮೈದಾನ. ನಿಮ್ಮ ಆಟಗಾರ ಹೊಡೆಯಬೇಕೆಂದರೆ ನೀವು ಕಣ್ಣು ಮುಚ್ಚಿ ಗೆರಟೆಯಿಂದ ಒಂದು ಬಿಲ್ಲೆ ತೆಗೆಯಬೇಕು. ಬಂದ ಅಂಕಿ ಅವನ ಚೀಟಿಯ ಅಂಕಿಗಿಂತ ಹೆಚ್ಚಾಗದಿದ್ದರೆ ಹೊಡೆತ ಸರಿ, ಹೆಚ್ಚಾದರೆ ಚೆಂಡು ಹೋಯಿತು. ತಡೆಯುವವನಿಗೂ ಅದೇ. ಇಷ್ಟೇ ಆಟ. ಗೆರಟೆ ಹಾಕಿ ಎಂದು ಹೆಸರಾಯಿತು.

ಅಂಕಿ ಕೊಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ದಿನವೇ ಟಪಾಲಿನವನಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತು. ಅವನು ನಾಲ್ಕು ವರ್ಷದಲ್ಲಿ ಒಂದೇ ಆಟ ಆಡಿದ್ದ, ಒಂದೇ ಸಲ ಚೆಂಡು ಮುಟ್ಟಿದ್ದ, ಅದು ಗೋಲಾಗಿತ್ತು.

"ಬಿಯೇ, ನಿನ್ನ ಕಾಲೇಜು ಸುಟ್ಟುಹೋಗಲಿ" ಎಂದು ಟೈಲರ್ ಚಾಪೆಯ ಮೇಲೆ ಉರುಳಿ ನಕ್ಕ. ಬಿ.ಎ. ಆದ ದಿನದಿಂದ ನನ್ನನ್ನು ಅವನು ಬಿಯೇ ಎಂದೇ ಕರೆಯುತ್ತಿದ್ದ. "ಟಪಾಲಿನವ ಇಪ್ಪತ್ತು! ಅವನಿಗೆ ಕಾಗದ ಹಾಕಲಿಕ್ಕೇ ಮನೆ ಸಿಗುವುದಿಲ್ಲ, ಗೋಲು ಹೇಗೆ ಸಿಕ್ಕಿತೋ!"

ಆ ರಾತ್ರಿಯೇ ಕೂತು ಸರಿ ಮಾಡಿದೆ. ಕಡಿಮೆ ಆಡಿದವನನ್ನು ಟೀಮಿನ ಸರಾಸರಿಯ ಕಡೆಗೆ ಎಳೆದೆ. ಮಡಿಕೇರಿಯ ಬಲವಾದ ಟೀಮಿನ ಎದುರು ಆಡಿದ ಆಟಕ್ಕೆ ತೂಕ ಹೆಚ್ಚು ಕೊಟ್ಟೆ, ಸ್ಕೂಲು ಮಕ್ಕಳ ಎದುರಿನದಕ್ಕೆ ಕಡಿಮೆ. ಒಂದು ಆಟದ ಪುಟ ಮಳೆಗೆ ನೆನೆದು ಅಳಿಸಿಹೋಗಿತ್ತು, ಅದನ್ನು ಬಿಟ್ಟೆ. ಇಪ್ಪತ್ತು ಯಾರಿಗೂ ಕೊಡಬಾರದು, ಅದು ದೇವರಿಗೆ ಎಂದು ಸುಬೇದಾರ್ ಮಾವ ಹೇಳಿದರು. ಹಾಗೆ ಹತ್ತೊಂಬತ್ತೇ ದೊಡ್ಡ ಅಂಕಿಯಾಯಿತು.

ಹಿಂದಿನ ಎರಡು ಬೇಸಿಗೆಗಳಲ್ಲಿ ನಮ್ಮ ಟೀಮಿನ ಮೇಲೆ ಬಿದ್ದ ಗೋಲುಗಳನ್ನು ಎಣಿಸುವಾಗ ಒಂದು ವಿಷಯ ಕಂಡಿತು. ಬಲಗಡೆಯಿಂದ ಹೊಕ್ಕದ್ದು ಬೆರಳಲ್ಲಿ ಎಣಿಸುವಷ್ಟು. ಉಳಿದದ್ದೆಲ್ಲ ಎಡಗಡೆಯಿಂದ. ನಾನು ತುಂಬ ಹೊತ್ತು ಯೋಚಿಸಿದೆ. ಒಬ್ಬನೇ ಗೋಲಿ ಒಂದು ಕಡೆ ಕಲ್ಲಿನ ಗೋಡೆಯಂತೆ, ಇನ್ನೊಂದು ಕಡೆ ಬೇಲಿಯ ತೆರೆದ ಉಣುಗೋಲಿನಂತೆ ಇರುವುದು ಹೇಗೆ? ಆಮೇಲೆ ಹೊಳೆಯಿತು: ಎಡಗಡೆಯ ಬ್ಯಾಕು ಟೈಲರ್. ನೋಟ್‌ಬುಕ್ಕಿನಲ್ಲಿ ನಾನೇ ಎಷ್ಟೋ ಕಡೆ ಬರೆದಿದ್ದೆ, 'ಎಡ ಬ್ಯಾಕು ಜಾಗ ಬಿಟ್ಟು ಗೋಲಿಯ ಹತ್ತಿರ ಓಡಿದ, ಅವರ ಆಟಗಾರ ಖಾಲಿ' ಎಂದು. ತಪ್ಪು ಅವನದು. ಎಡಗಡೆಯ ಗೋಲುಗಳನ್ನೆಲ್ಲ ಭಾವನಿಂದ ತೆಗೆದು ಟೈಲರನ ಪಾಲಿಗೆ ಹಾಕಿದೆ. ಮುಖ ತಿರುಗಿಸದ್ದಕ್ಕೆ ಭಾವನಿಗೆ ಇನ್ನೂ ಸ್ವಲ್ಪ ಸೇರಿಸಿದೆ.

ಭಾವನಿಗೆ ಹತ್ತೊಂಬತ್ತು ಬಂತು. ಟೈಲರನಿಗೆ ಐದು.

ನನ್ನ ಬುದ್ಧಿವಂತಿಕೆಗೆ ನಾನೇ ಹಿಗ್ಗಿದ್ದು ನೆನಪಿದೆ. ಮಂಗಳೂರಿನ ಮೇಷ್ಟ್ರಿಗೆ ಕಾಗದ ಬರೆಯಬೇಕೆಂದುಕೊಂಡಿದ್ದೆ.

ಆಟ ಊರಿಗೆ ಹಿಡಿಯಿತು. ನಾಟಿಯ ಕೆಲಸ ಮುಗಿಸಿ, ಕೆಸರು ತೊಳೆದುಕೊಂಡು, ಮಳೆಗೆ ಹೊದ್ದ ಗೊರಬೆ ಜಗಲಿಯಲ್ಲಿ ಕವುಚಿ ಹಾಕಿ ಜನ ಅಕ್ಕನ ಮನೆಯಲ್ಲಿ ಸೇರುತ್ತಿದ್ದರು. ಅಕ್ಕ ಬೆಲ್ಲದ ಕಾಫಿ ಕಾಸಿ ಕಾಸಿ ಬೇಸತ್ತು, "ನಿಮ್ಮ ಹಾಕಿಗೆ ನನ್ನ ಬೆಲ್ಲದ ಡಬ್ಬಿಯೇ ಗೋಲಿ" ಎನ್ನುತ್ತಿದ್ದಳು. ತಿಂಗಳಾಗುವುದರೊಳಗೆ ಅಂಕಿಗಳು ಚಾಪೆ ಬಿಟ್ಟು ಊರೊಳಗೆ ನಡೆದಾಡತೊಡಗಿದವು. ಗದ್ದೆಯಲ್ಲಿ ನೇಗಿಲು ಹೂತರೆ, "ಹದಿನಾಲ್ಕನ್ನು ಕರಿ, ಅವನಿಗೆ ಶಕ್ತಿ ಉಂಟು." ಅಂಗಡಿಯಲ್ಲಿ ಟೈಲರ್ ಗುಂಡಿ ಹೊಲಿಯಲು ತಡ ಮಾಡಿದರೆ, "ಐದು ಅಲ್ಲವೋ, ನಿಧಾನವೇ." ಅವನು ಮೊದಲು ನಗುತ್ತಿದ್ದ. ಆಮೇಲಾಮೇಲೆ ಬಾಯಲ್ಲಿ ಸೂಜಿ ಕಚ್ಚಿಕೊಂಡು ತಲೆ ತಗ್ಗಿಸಿ ಮೆಷಿನ್ ತುಳಿಯುತ್ತಿದ್ದ. ಭಾವ ದಾರಿಯಲ್ಲಿ ಬಂದರೆ ಹುಡುಗಿಯರು ಕೂಡ, "ಹತ್ತೊಂಬತ್ತು ಬಂದರು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನೊಬ್ಬನೇ ಜಗಲಿಯಲ್ಲಿ ಕೂತು ಚೀಟಿ ಜೋಡಿಸುತ್ತಿದ್ದೆ. ಭಾವ ಒಳಗಿನಿಂದ ಬಂದು ಪಕ್ಕದಲ್ಲಿ ಕೂತರು. ಅವರು ಹೆಚ್ಚು ಮಾತಿನವರಲ್ಲ. ಹೊರಗೆ ನೋಡುತ್ತಾ ಹೇಳಿದರು:

"ಆ ಹತ್ತೊಂಬತ್ತು ಉಂಟಲ್ಲ, ಅದನ್ನು ಇಳಿಸಲಿಕ್ಕೆ ಆಗ್ತದಾ?"

"ಎಷ್ಟಕ್ಕೆ ಭಾವ?"

"ಹತ್ತಕ್ಕೋ ಹನ್ನೊಂದಕ್ಕೋ. ನಿನಗೆ ತೋಚಿದ್ದು."

"ಯಾಕೆ? ಜಂಬ ಅಂತ ಹೇಳ್ತಾರಾ ಯಾರಾದ್ರೂ?"

"ಹಾಗಲ್ಲ ಮಾರಾಯ. ಟೈಲರಿಗೆ ಐದು ಕೊಟ್ಟಿದ್ದೀಯ. ಅವನಿಗೆ ಸ್ವಲ್ಪ ಏರಿಸು, ನನ್ನದು ಇಳಿಸು. ಸರಿಹೋಗ್ತದೆ."

ನನಗೆ ಅವರ ಒಳ್ಳೆಯತನ ಕಂಡು ನಗು ಬಂತು. ಗೆಳೆಯನ ಮುಖ ಉಳಿಸಲು ತನ್ನ ಅಂಕಿ ಬಿಟ್ಟುಕೊಡುತ್ತಿದ್ದಾರೆ ಎಂದುಕೊಂಡೆ. "ಅದು ನಾನು ಕೊಟ್ಟದ್ದಲ್ಲ ಭಾವ. ಪುಸ್ತಕದಲ್ಲಿ ಇದ್ದದ್ದು ಬಂದದ್ದು. ನಿಮಗೆ ಬೇಕಾದ ಹಾಗೆ ತಿದ್ದಿದರೆ ಆಟ ಎಂಥದ್ದು?"

"ಪುಸ್ತಕದಲ್ಲಿ ಎಲ್ಲ ಉಂಟಾ?"

"ಎಲ್ಲ ಉಂಟು."

ಅವರು ಇನ್ನೂ ಏನೋ ಹೇಳುವವರಿದ್ದರು. ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಅವರ ಎಡಗಡೆ ನಾನಿಟ್ಟಿದ್ದ ಕಾಫಿ ಲೋಟ ಅವರ ಮೊಣಕೈ ತಾಗಿ ಉರುಳಿ ಚಾಪೆಯ ಮೇಲೆಲ್ಲ ಹರಿಯಿತು. "ಗೋಲ್!" ಎಂದು ನಾನು ಕೂಗಿದೆ. ಭಾವ ನಕ್ಕರು. ನಾನು ಚೀಟಿಗಳನ್ನು ಎತ್ತಿ ಹಿಡಿದೆ, ಅವರು ಬೈರಾಸಿನಿಂದ ಚಾಪೆ ಒರೆಸಿದರು, ಎದ್ದು ಕೊಟ್ಟಿಗೆಯ ಕಡೆ ಹೋದರು. ಆ ಮಾತು ಮತ್ತೆ ಬರಲಿಲ್ಲ.

ನಾಟಿ ಮುಗಿದು ಕೈಲ್ ಮುಹೂರ್ತದ ಹಬ್ಬ ಬಂತು. ನಾಟಿಯ ತಿಂಗಳುಗಳಲ್ಲಿ ದೇವರ ಕೋಣೆಯಲ್ಲಿ ಇಟ್ಟ ಕೋವಿ ಕತ್ತಿಗಳನ್ನು ಆ ದಿನ ಹೊರಗೆ ತೆಗೆದು, ತೊಳೆದು, ಗಂಧ ಹಚ್ಚಿ, ನಳಿಗೆಗೆ ತೋಕ್ ಹೂ, ಎಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕಡುಬು, ಹಂದಿಮಾಂಸ. ಮಾರನೆಯ ದಿನ ಊರಿನವರೆಲ್ಲ ಸೇರಿ ಬೇಟೆ. ಆಗ ಅದಕ್ಕೆ ಅಡ್ಡಿಯಿರಲಿಲ್ಲ. ಆ ವರ್ಷ ಹಂದಿಗಳು ನಾಟಿಯ ಗದ್ದೆಗೇ ಇಳಿದು ಉತ್ತು ಹಾಕಿದ್ದವು.

ಬೇಟೆಯಲ್ಲಿ ಎರಡು ಪಂಗಡ. ಒಂದು ಪಂಗಡ ನಾಯಿಗಳ ಜೊತೆ ಮೇಲಿನಿಂದ ಕೂಗುತ್ತಾ ಕಾಡು ಸೋವುತ್ತಾ ಬರುತ್ತದೆ. ಇನ್ನೊಂದು ಪಂಗಡ ಕೋವಿ ಹಿಡಿದು ಕೆಳಗೆ, ಪ್ರಾಣಿ ಹೊರಬೀಳುವ ಕಂಡಿಗಳಲ್ಲಿ ನಿಲ್ಲುತ್ತದೆ. ಯಾರು ಎಲ್ಲಿ ಎಂದು ಹೇಳುವವರು ಸುಬೇದಾರ್ ಮಾವ. ಪ್ರತಿ ವರ್ಷ ಅದಕ್ಕೆ ಅರ್ಧ ಗಂಟೆಯ ಜಗಳ. ಆ ಬೆಳಿಗ್ಗೆ ಅವರು ಅಕ್ಕನ ಮನೆಯ ಜಗಲಿಗೆ ಬಂದು ನನ್ನ ಚೀಟಿಗಳ ಡಬ್ಬಿ ಕೇಳಿದರು.

"ಇದು ಇರುವಾಗ ಯೋಚನೆ ಎಂಥದ್ದು?" ಎಂದು ಚೀಟಿಗಳನ್ನು ಚಾಪೆಯ ಮೇಲೆ ಒಂದೊಂದಾಗಿ ಹಾಕಿದರು. ಗದ್ದೆಯ ಮೇಲಿನ ಇಳಿಜಾರನ್ನು ಬೆರಳಿನಿಂದ ಗೀರಿದರು. "ದೊಡ್ಡ ಕಂಡಿ ಇಲ್ಲಿ. ಹಂದಿ ಬಂದರೆ ಇಲ್ಲೇ. ಗೋಲಿ ಯಾರು? ಹತ್ತೊಂಬತ್ತು." ಭಾವನ ಚೀಟಿಯನ್ನು ಅಲ್ಲಿಟ್ಟರು. ಎಲ್ಲರೂ ಹೋ ಎಂದರು.

ನನಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಿಲಿಟರಿಯ ಮನುಷ್ಯ, ಎರಡು ಯುದ್ಧ ಕಂಡವರು, ನನ್ನ ಅಂಕಿಗಳನ್ನು ನಂಬಿ ಜನರನ್ನು ನಿಲ್ಲಿಸುತ್ತಿದ್ದರು.

ಟೈಲರ್ ಮೂಲೆಯಲ್ಲಿ ಕೂತಿದ್ದವನು ಎದ್ದ. "ನಾನು ಇವನ ಎಡಕ್ಕೆ ನಿಲ್ಲುತ್ತೇನೆ. ಪ್ರತಿ ವರ್ಷ ಅಲ್ಲೇ ನಿಲ್ಲುವುದು."

"ಐದು, ನೀನು ನಾಯಿಯ ಜೊತೆ ಮೇಲೆ ಹೋಗು" ಎಂದರು ಸುಬೇದಾರ್ ಮಾವ. "ಕೂಗಲಿಕ್ಕೆ ಐದು ಸಾಕು."

ನಗು ಎದ್ದಿತು. ನಾನೂ ನಕ್ಕೆ. ಟೈಲರ್ ನಗುವವರನ್ನು ನೋಡಲಿಲ್ಲ, ಭಾವನನ್ನೇ ನೋಡಿದ. "ಹೇಳಲಾ?" ಎಂದ.

"ಬೇಡ. ಹೋಗು ನೀನು. ಒಂದು ದಿನಕ್ಕೆ ಏನಾಗ್ತದೆ?" ಎಂದರು ಭಾವ, ನೆಲ ನೋಡುತ್ತಾ.

ಬೇಟೆಯ ಜಾಗದ ಬಗ್ಗೆ ಅವರಿಬ್ಬರಲ್ಲಿ ಏನೋ ಹಳೆಯ ಮಾತು ಇರಬೇಕು ಎಂದುಕೊಂಡೆ, ಅಷ್ಟೆ. ಟೈಲರ್ ಮಲಯಾಳದಲ್ಲಿ ಏನೋ ಗೊಣಗಿಕೊಂಡು ನಾಯಿಗಳ ಕಡೆ ನಡೆದ.

"ಬಿ.ಎ.ಯವರಿಗೆ ಎಲ್ಲಿ?" ಎಂದು ಯಾರೋ ಕೇಳಿದರು. ನನಗೆ ಚೀಟಿ ಇರಲಿಲ್ಲ. ಊರಿನ ಹದಿನಾರು ಜನರನ್ನು ಅಳೆದವನು ನನ್ನನ್ನು ಅಳೆದುಕೊಂಡಿರಲಿಲ್ಲ. "ಭಾವನ ಹತ್ತಿರ ನಿಂತು ನೋಡಲಿ, ಬರೆಯಲಿಕ್ಕೆ ಆಗ್ತದೆ" ಎಂದರು ಸುಬೇದಾರ್ ಮಾವ. ಕಂಡಿಯ ಹತ್ತಿರ ಹೋದಾಗ ಎಡಗಡೆ ಬರೀ ಲಂಟಾನ ಪೊದೆ, ಬಲಗಡೆ ಹತ್ತಲು ಬರುವ ಹೆಬ್ಬಲಸಿನ ಮರ. ನಾನು ಬಲಗಡೆಯನ್ನು ಆರಿಸಿದೆ. ಭಾವ ಕೇಳಿದರು, "ಆ ಕಡೆ ನಿಲ್ತೀಯಾ, ಎಡಕ್ಕೆ?" "ಇಲ್ಲಿಂದ ಚೆನ್ನಾಗಿ ಕಾಣ್ತದೆ ಭಾವ" ಎಂದೆ. ಅವರು ಮತ್ತೆ ಕೇಳಲಿಲ್ಲ. ಮರ ಹತ್ತುವುದು ಸುಲಭ ಎಂಬುದೇ ನಿಜವಾದ ಕಾರಣ. ಅದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಮಳೆ ಬಿಟ್ಟಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನಿಂದ ಕೂಗು ಶುರುವಾಯಿತು, ನಾಯಿಗಳ ಸದ್ದು ಬಲಗಡೆಯ ತೋಡಿನ ಉದ್ದಕ್ಕೆ ಇಳಿಯುತ್ತಾ ಬಂತು. ಭಾವ ಸದ್ದಿನ ಕಡೆ ಮುಖ ಮಾಡಿ ಕೋವಿ ಎತ್ತಿದರು. ಅಷ್ಟರಲ್ಲಿ ಎಡಗಡೆಯ ಲಂಟಾನ ಅಲುಗಿತು. ನಾನು ನೋಡಿದೆ. ಮೊದಲು ಮೂತಿ, ಆಮೇಲೆ ಭುಜ. ಸದ್ದಿಲ್ಲದೆ, ಯಾವ ಅವಸರವೂ ಇಲ್ಲದೆ ಹೊರಗೆ ಬಂದು ಒಂದು ಕ್ಷಣ ನಿಂತಿತು. ಭಾವನಿಗೂ ಅದಕ್ಕೂ ಒಂದು ಗೋಲಿನ ಅಗಲ, ಹೆಚ್ಚೆಂದರೆ ಎರಡು.

ಭಾವ ಕದಲಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ.

ಆಗ ನನ್ನ ತಲೆಯಲ್ಲಿ ಏನಿತ್ತು ಎಂಬುದನ್ನು ಸರಿಯಾಗಿ ಹೇಳಬೇಕು. ಭಯ ಇರಲಿಲ್ಲ. ಮೆಚ್ಚುಗೆ ಇತ್ತು. ಹಂದಿಯನ್ನು ನೋಡದ ಹಾಗೆ ಮಾಡಿ ಹತ್ತಿರಕ್ಕೆ ಬಿಡುತ್ತಿದ್ದಾರೆ, ಎಂಥ ಗಟ್ಟಿ ಮನುಷ್ಯ, ಹತ್ತೊಂಬತ್ತು ಎಂದು ಬರೆದದ್ದು ಸರಿ ಎಂದುಕೊಂಡೆ. ಕೂಗಿದರೆ ಅವರ ಗುರಿ ತಪ್ಪಿಸಿದಂತಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಒಂದು, ಎರಡು, ಮೂರು ಎನ್ನುವಷ್ಟು ಹೊತ್ತು. ನಾನು ಎಷ್ಟೋ ಸಲ ಎಣಿಸಿದ್ದೇನೆ. ಮೂರಕ್ಕಿಂತ ಕಡಿಮೆ ಇರಲಿಲ್ಲ. "ಭಾವಾ, ಎಡ" ಎಂದು ನಾನು ಕೂಗುವಾಗ ಹಂದಿ ಅವರ ತೊಡೆಯಲ್ಲಿತ್ತು. ಕೋವಿಯ ಗುಂಡು ಆಕಾಶಕ್ಕೆ ಹಾರಿತು. ನಾನು ಮರದ ಮೊದಲ ಕವಲಿನಲ್ಲಿದ್ದೆ. ಯಾವಾಗ ಹತ್ತಿದೆನೋ ಗೊತ್ತಿಲ್ಲ.

ಮೊದಲು ಓಡಿ ಬಂದವನು ಟೈಲರ್. ಅಷ್ಟು ಮೇಲಿನಿಂದ, ಎಲ್ಲರಿಗಿಂತ ಮುಂಚೆ, ಮುಳ್ಳಿನಲ್ಲಿ ಮೈಯೆಲ್ಲ ಹರಿದುಕೊಂಡು ಬಂದಿದ್ದ. ಹಂದಿ ಆಗಲೇ ಗದ್ದೆ ದಾಟಿ ಹೋಗಿತ್ತು. ಅವನು ತನ್ನ ಪಂಚೆ ಹರಿದು ತೊಡೆಯ ಮೇಲ್ಭಾಗಕ್ಕೆ ಬಿಗಿದ. ಅಂಗಡಿಯಲ್ಲಿ ಅಂಚು ಮಡಿಸುವಂತೆ ಮಡಿಸಿ ಮಡಿಸಿ ಬಿಗಿದ. ನಾನು ಮರದಿಂದ ಇಳಿಯುತ್ತಿದ್ದೆ.

ಎರಡು ಬಿದಿರಿಗೆ ಕಂಬಳಿ ಕಟ್ಟಿ ಭಾಗಮಂಡಲಕ್ಕೆ ಹೊತ್ತೆವು. ಅಲ್ಲಿಂದ ಮಡಿಕೇರಿಗೆ ಎಸ್ಟೇಟಿನ ಒಂದು ಜೀಪು ಸಿಗಬಹುದು ಎಂದು ಒಬ್ಬರು ಮುಂದೆ ಓಡಿದ್ದರು. ನಾನು ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟಿದ್ದೆ. ಅರ್ಧ ದಾರಿಯಲ್ಲಿ ಭಾವ ಕಣ್ಣು ತೆರೆದರು. ನನ್ನನ್ನು ಹುಡುಕಿ ಕೇಳಿದರು:

"ಎಡಗಡೆಯಿಂದ ಬಂತಾ?"

"ಹೌದು ಭಾವ."

"ಹಾಗಾದ್ರೆ ಸರಿ" ಎಂದರು. ಯಾವುದೋ ಲೆಕ್ಕ ತಾಳೆಯಾದವರಂತೆ. ನನಗೆ ಅದರ ಅರ್ಥವಾಗಲಿಲ್ಲ. ಹೊರುತ್ತಿದ್ದ ಟೈಲರ್ ಜೋರಾಗಿ ಅಳತೊಡಗಿದ. ಜೀಪು ಬಂದದ್ದು ಹೌದು. ಅದರ ಅಗತ್ಯ ಬೀಳಲಿಲ್ಲ.

ಹನ್ನೊಂದನೆಯ ದಿನದ ಕೆಲಸ ಮುಗಿದು ನೆಂಟರೆಲ್ಲ ಹೋದ ಮೇಲೆ ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಎದುರಿಗೆ ಏಲಕ್ಕಿಯ ಮೊರ. ಆರಿಸುತ್ತಿರಲಿಲ್ಲ, ಸುಮ್ಮನೆ ಕೈಯಾಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಹಂದಿ ಹತ್ತಿರ ಬಂದರೂ ಅವರು ಹೇಗೆ ಅಲುಗದೆ ನಿಂತರು ಎಂದು ಹೇಳಿದೆ. ಸಮಾಧಾನವಾಗುತ್ತದೆ ಎಂದು ನನ್ನ ಎಣಿಕೆ.

ಅವಳು ನನ್ನ ಮುಖ ನೋಡಿದಳು. "ಕಾಣದೇ ಇದ್ದದ್ದಕ್ಕೆ ಅಲುಗುವುದು ಹೇಗೆ?"

"ಎಂಥ ಕಾಣದೇ?"

"ಎಡಗಣ್ಣು. ಚೆಂಡು ಬಿದ್ದದ್ದಲ್ಲವಾ ಹುಬ್ಬಿಗೆ, ಎರಡು ವರ್ಷದ ಹಿಂದೆ. ಬಾವು ಇಳಿಯಿತು, ಆಮೇಲೆ ಮಬ್ಬು ಮಬ್ಬು ಅಂದರು. ಹೋದ ವರ್ಷದಿಂದ ಏನೂ ಇಲ್ಲ. ನಾನು ಬಟ್ಟಲು ಇಡುವುದು ಬಲಗಡೆಯೇ, ನೋಡಲಿಲ್ಲವಾ ನೀನು?" ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದಳು, "ನಿನಗೆ ಗೊತ್ತುಂಟು ಅಂತ ನಾನು ತಿಳಿದದ್ದು. ನಿನ್ನ ಪುಸ್ತಕದಲ್ಲಿ ಎಲ್ಲ ಉಂಟು ಅಂತ ಹೇಳ್ತಿದ್ದೆಯಲ್ಲ."

ನಾನು ಎದ್ದು ನೋಟ್‌ಬುಕ್ ತಂದೆ. ಇತ್ತು. ನನ್ನ ಕೈಬರಹದಲ್ಲೇ ಇತ್ತು: 'ಗೋಲಿಗೆ ಹುಬ್ಬಿನ ಮೇಲೆ ಚೆಂಡು. ಎಡ. ಐದು ನಿಮಿಷ ಆಟ ನಿಂತಿತು.' ಅದರ ಮುಂದಿನ ಪುಟಗಳಲ್ಲಿ ಎಡಗಡೆಯ ಗೋಲುಗಳು ಶುರುವಾಗುತ್ತಿದ್ದವು. ಅದಕ್ಕೆ ಹಿಂದಿನ ಎರಡು ಬೇಸಿಗೆಗಳಲ್ಲಿ ಎಡಕ್ಕೂ ಬಲಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

"ಯಾಕೆ ಹೇಳಲಿಲ್ಲ ಅವರು?" ಎಂದು ಕೇಳಿದೆ.

"ಈ ಮಳೆಗಾಲದಲ್ಲಿ ಸುಬೇದಾರ್ ಮಾವನಿಗೆ ಹೇಳಿ ಗೋಲಿ ಬಿಡ್ತೇನೆ ಅಂದಿದ್ದರು. ಅಷ್ಟರಲ್ಲಿ ನಿನ್ನ ಹತ್ತೊಂಬತ್ತು ಬಂತು. ಊರೆಲ್ಲ ಕರೆಯಲಿಕ್ಕೆ ಶುರು ಮಾಡಿತು. ಇನ್ನು ಹೇಗೆ ಹೇಳುವುದು, ನಿನ್ನ ತಮ್ಮನ ಹತ್ತಿರವೇ ಇಳಿಸಲಿಕ್ಕೆ ಹೇಳ್ತೇನೆ ಅಂದರು." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮರುದಿನ ಟೈಲರನ ಅಂಗಡಿಗೆ ಹೋದೆ. ಅವನು ಮೆಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

"ಗೊತ್ತಿಲ್ಲದೆ ಜಾಗ ಬಿಟ್ಟು ಓಡ್ತಿದ್ದೆನಾ ಅವನ ಹತ್ತಿರ?" ಎಂದ. "ನನ್ನ ಆಳು ಖಾಲಿ ಬಿದ್ದರೂ ಬೀಳಲಿ, ಎಡಕ್ಕೆ ಒಬ್ಬ ಬೇಕಲ್ಲ. ಕೆಲವು ಸಲ ತಲುಪಿದೆ, ಕೆಲವು ಸಲ ಇಲ್ಲ. ತಲುಪಿದ್ದನ್ನು ನೀನು ಬರೆದೆಯಾ ಬಿಯೇ?"

ಬರೆದಿರಲಿಲ್ಲ. ಆಗದೇ ಹೋದ ಗೋಲುಗಳಿಗೆ ನನ್ನಲ್ಲಿ ಕಾಲಂ ಇರಲಿಲ್ಲ.

"ಆ ಬೆಳಿಗ್ಗೆ ಹೇಳಬಹುದಿತ್ತು ನೀನು" ಎಂದೆ. ಎಂಥ ಮಾತು ಅದು, ನನ್ನ ಬಾಯಿಂದ.

ಮೆಷಿನ್ ನಿಂತಿತು. "ಐದರ ಮಾತನ್ನು ಯಾರು ಕೇಳ್ತಿದ್ದರು?" ಎಂದ. ಮತ್ತೆ ತುಳಿಯತೊಡಗಿದ.

ನನಗೆ ಕೆಲಸದ ಕಾಗದ ಬಂದು ಶಿವಮೊಗ್ಗೆಯ ಕಡೆ ಹೋದೆ. ಕಚೇರಿಯಲ್ಲಿ ದಿನವಿಡೀ ಅಂಕಿಗಳ ಕೆಲಸವೇ. ಎಲ್ಲಾದರೂ ಎರಡು ಕಾಲಂ ಸೇರಿಸಿ ಒಂದು ಮಾಡಬೇಕಾಗಿ ಬಂದರೆ ಪೆನ್ನು ನಿಲ್ಲುತ್ತಿತ್ತು. ಜೊತೆಯವರು ನಿಧಾನದ ಮನುಷ್ಯ ಎಂದರು. ಇರಲಿ.

ಮುಂದಿನ ಮಳೆಗಾಲದಲ್ಲಿ ರಜೆ ಹಾಕಿ ಊರಿಗೆ ಬಂದೆ. ಚೀಟಿಗಳ ಡಬ್ಬಿಯನ್ನು ನಾನು ಸುಟ್ಟುಬಿಡಬೇಕೆಂದಿದ್ದೆ. ಅಕ್ಕ ಅಟ್ಟದಲ್ಲಿ ಎತ್ತಿಟ್ಟಿದ್ದಳು. ಇಳಿಸಿ ನನ್ನ ಮುಂದೆ ಇಟ್ಟು, "ಸರಿ ಮಾಡು" ಎಂದಳು.

"ಇನ್ನು ಯಾಕಕ್ಕ?"

"ಅವರೇ ಬಂದು ಕೇಳಿದ್ದರಲ್ಲ ನಿನ್ನ ಹತ್ತಿರ."

ಅವಳ ಎದುರೇ ಕೂತು ಮಾಡಿದೆ. ಭಾವನ ಚೀಟಿಯ ನಡುವೆ ಒಂದು ಗೆರೆ ಎಳೆದೆ. ಬಲಗಡೆ ಹದಿನೆಂಟು. ಎಡಗಡೆ ಮೂರು. ಟೈಲರನದ್ದನ್ನು ಹೊಸದಾಗಿ ಲೆಕ್ಕ ಹಾಕಲು ಆಧಾರವೇ ಇರಲಿಲ್ಲ. ಅವನು ತಲುಪಿದ ಸಲಗಳು ಯಾವ ಪುಟದಲ್ಲೂ ಇರಲಿಲ್ಲ. ಅವನ ಚೀಟಿಯಲ್ಲಿ ಐದನ್ನು ಹೊಡೆದು ಹಾಕಿ ಜಾಗವನ್ನು ಖಾಲಿ ಬಿಟ್ಟೆ.

ಆ ಭಾನುವಾರ ಮಳೆ ಜೋರಿತ್ತು. ಯಾರೂ ಕರೆಯದೆ ನಾಲ್ಕೈದು ಜನ ಜಗಲಿಗೆ ಬಂದು ಕೂತರು. ಸುಬೇದಾರ್ ಮಾವನೂ ಬಂದರು. ಆ ವರ್ಷದಲ್ಲಿ ಅವರು ತುಂಬ ಇಳಿದುಹೋಗಿದ್ದರು. ಡಬ್ಬಿ ಚಾಪೆಯ ಮೇಲಿತ್ತು. ಯಾರೋ ಗೆರಟೆ ತೆಗೆದರು, ಯಾರೋ ಚೀಟಿ ಹಂಚಿದರು. ಗೋಲಿಯ ಜಾಗಕ್ಕೆ ಬಂದಾಗ ಎಲ್ಲರೂ ನಿಂತರು. ಸುಬೇದಾರ್ ಮಾವ ಭಾವನ ಚೀಟಿಯನ್ನು ಎತ್ತಿ, ಗೆರೆಯನ್ನೂ ಅದರ ಎರಡು ಬದಿಯ ಅಂಕಿಗಳನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅದನ್ನು ಗೋಲಿನಲ್ಲೇ ಇಟ್ಟರು.

ಕೊನೆಗೆ ಬಂದವನು ಟೈಲರ್. ಕೊಡೆ ಮಡಿಸಿ ಮೂಲೆಗೆ ಒರಗಿಸಿ, ಚಾಪೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದ. ತನ್ನ ಖಾಲಿ ಚೀಟಿಯನ್ನು ಬ್ಯಾಕಿನ ಜಾಗದಿಂದ ಬೆರಳಿನಲ್ಲಿ ಹಿಂದಕ್ಕೆ ಸರಿಸಿ, ಭಾವನ ಚೀಟಿಯ ಎಡಗಡೆಗೆ, ಅಂಚಿಗೆ ಅಂಚು ತಾಗುವಂತೆ ಇಟ್ಟ.

"ಅಲ್ಲಿ ನಿಂತರೆ ನಿನ್ನ ಆಳು ಖಾಲಿ" ಎಂದು ಯಾರೋ ಅಂದರು.

"ಇರಲಿ" ಎಂದ ಟೈಲರ್.

ಆ ದಿನ ನಮ್ಮ ಟೀಮು ಸೋತಿತು. ಎಷ್ಟು ಗೋಲುಗಳಿಂದ ಎಂದು ನಾನು ಬರೆದುಕೊಳ್ಳಲಿಲ್ಲ.